ಗೆರೆಯಾಚೆಗೆ ಹೋದ ಗಲ್ಲಿ

ನಮ್ಮ ಗಲ್ಲಿಯಲ್ಲಿ ಯಾರಿಗಾದರೂ ಇರಿತವಾದರೆ ಅವರನ್ನು ಹೊತ್ತು ಸೇತುವೆ ದಾಟಿಸುವುದು ವಾಡಿಕೆ. ಗಲ್ಲಿಯೊಳಗೆ ಆಂಬುಲೆನ್ಸ್ ಬರುವುದಿಲ್ಲ. ಬಂದರೂ ತಿರುಗಿಸಲು ಜಾಗವಿಲ್ಲ. ಒಮ್ಮೆ ಬಂದ ಡ್ರೈವರ್‌ಗೆ ಯಾರೋ ನಾಲ್ಕು ಬಾರಿಸಿ ಕಳಿಸಿದ ಮೇಲಂತೂ ಅವರು ಕಾಲುವೆಯ ಆಚೆ ದಡದಲ್ಲಿ, ದೀಪದ ಕಂಬದ ಕೆಳಗೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಾರೆ. ಹಾಗಾಗಿ ಮುರಿದ ಬಾಗಿಲೋ, ಮಂಚವೋ, ಕೈಗೆ ಸಿಕ್ಕಿದ್ದರ ಮೇಲೆ ಮಲಗಿಸಿಕೊಂಡು ಓಡುವುದು. ಎಷ್ಟೋ ಜನ ಕಂಬದ ಕೆಳಗೆ ತಲುಪುವಷ್ಟರಲ್ಲಿ ಪ್ರಾಣ ಬಿಟ್ಟಿರುತ್ತಾರೆ. ಪೊಲೀಸರು ಬಂದು, ಹೆಣ ಇರುವ ಜಾಗದ ಸುತ್ತ ಸುಣ್ಣದ ಗೆರೆ ಹಾಕಿ, ಅದನ್ನೇ ಬರೆದುಕೊಂಡು ಹೋಗುತ್ತಾರೆ. ಇರಿದದ್ದು ಎಲ್ಲಿ ಎಂದು ಅವರು ಕೇಳುವುದಿಲ್ಲ. ಗಲ್ಲಿಯ ಮಾತು ಗಲ್ಲಿಯಲ್ಲಿರಲಿ ಎಂದು ನಾವೂ ಹೇಳುವುದಿಲ್ಲ.

ನನ್ನ ಅಣ್ಣನನ್ನೂ ಹಾಗೆಯೇ ದಾಟಿಸಿದ್ದರು. ಅವನನ್ನು ಇರಿದದ್ದು ನಮ್ಮ ಬಾಗಿಲಲ್ಲಿ, ಸಂಜೆಯ ಬೆಳಕು ಇನ್ನೂ ಇದ್ದಾಗ. ಕಾರಣ ಕೇಳಿದರೆ ನಗು ಬರುತ್ತದೆ. ಬಾಗಿಲಿಗೆ ಅಡ್ಡವಾಗಿ ಬೈಕ್ ನಿಲ್ಲಿಸಬೇಡ ಎಂದು ಅಣ್ಣ ಹೇಳಿದ, ಅಷ್ಟೇ. ಹೇಳಿದ್ದು ಗಲ್ಲಿಯವರೆಲ್ಲ ಕಬ್ಬಿಣ ಎಂದು ಕರೆಯುವವನಿಗೆ. ನಾನು ಬಾಗಿಲಿಗೆ ಎದುರಾಗಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ, ಎಲ್ಲ ಕಂಡಿತು. ಅಣ್ಣ ಹೊಟ್ಟೆ ಹಿಡಿದುಕೊಂಡು ಒಳಗೆ ಬಂದು, ಏನೋ ಮರೆತವನ ಹಾಗೆ ನನ್ನನ್ನು ನೋಡಿ, ಕಟ್ ಮಾಡಿಟ್ಟ ಬಟ್ಟೆಗಳ ಮೇಲೆ ಕುಸಿದ. ಸೇತುವೆಯವರೆಗೆ ಅವನನ್ನು ಹೊತ್ತವರಲ್ಲಿ ಅಕ್ಕನ ಗಂಡ ಭಾವನೂ ಇದ್ದ. ಕಂಬದ ಕೆಳಗೆ ಇಳಿಸುವಾಗ ಅಣ್ಣನ ಉಸಿರು ನಿಂತಿತ್ತು.

ಗಲ್ಲಿಯ ವಾಡಿಕೆಯನ್ನು ಅವತ್ತು ಅಮ್ಮ ಅರ್ಧ ಮುರಿದಳು. ಎಲ್ಲಿ ಎನ್ನುವುದನ್ನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಯಾರು ಎನ್ನುವುದನ್ನು ಮಾತ್ರ ಇನ್ಸ್‌ಪೆಕ್ಟರ್ ಮುಂದೆ ನಿಂತು ಹೇಳಿಬಿಟ್ಟಳು. ನಗರದ ಠಾಣೆಯ ಆ ಇನ್ಸ್‌ಪೆಕ್ಟರ್ ಒರಟ, ಆದರೆ ಹಿಡಿದ ಕೆಲಸ ಬಿಡುವವನಲ್ಲ. ಕಬ್ಬಿಣವನ್ನು ಹುಡುಕಿ ತಂದು ಒಳಗೆ ಹಾಕಿದ. ಮುಂದಿನ ಚಳಿಗಾಲದೊಳಗೆ ಶಿಕ್ಷೆ ಆಗುತ್ತದೆ ಎಂದು ಅಮ್ಮನಿಗೆ ಹೇಳಿದ್ದ. ಅಮ್ಮ ಬದುಕಿದ್ದುದೇ ಆ ಚಳಿಗಾಲಕ್ಕಾಗಿ. ಊಟಕ್ಕೆ ಕೂತಾಗಲೂ, ಅವನಿಗೆ ಅಲ್ಲಿ ಏನು ಹಾಕ್ತಾರೋ, ಹಾಕಲಿ, ತಿಂದು ಬದುಕಿರಲಿ, ಶಿಕ್ಷೆ ಕೇಳೋವರೆಗಾದರೂ ಬದುಕಿರಲಿ ಎನ್ನುತ್ತಿದ್ದಳು.

ಭಾವ ನಮ್ಮ ಗಲ್ಲಿಯವನೇ. ನಲ್ಲಿಯ ಪಕ್ಕದ ಮನೆಯಲ್ಲಿ ಬೆಳೆದು, ಓದಿ, ನಗರಪಾಲಿಕೆಯ ನಕ್ಷೆ ವಿಭಾಗಕ್ಕೆ ಸೇರಿದವನು. ಅಕ್ಕನನ್ನು ಮದುವೆಯಾದ ಮೇಲೂ ಗಲ್ಲಿ ಬಿಟ್ಟಿರಲಿಲ್ಲ. ಕೊನೆಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದರು. ಅವನು ಮಾತಾಡಿದರೆ ಸತ್ತವರೂ ಎದ್ದು ಕೂತು ಕೇಳಬೇಕು, ಹಾಗೆ ಮಾತಾಡುತ್ತಿದ್ದ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಹೊರಗಿನವರ ಮುಂದೆ ನನ್ನ ನಾಲಿಗೆ ಅಂಟಿಕೊಳ್ಳುತ್ತದೆ. ಭಾವ ನನ್ನನ್ನು ಬೆಕ್ಕು ಎಂದು ಕರೆಯುತ್ತಿದ್ದ. ‘ಸದ್ದಿಲ್ಲದೆ ಬರ್ತಾಳೆ, ಎಲ್ಲಾ ನೋಡ್ತಾಳೆ, ಒಂದೂ ಹೇಳಲ್ಲ’ ಎಂದು ನಗುತ್ತಿದ್ದ. ಬೇರೆ ಯಾರು ಹಾಗೆಂದರೂ ನನಗೆ ಸಿಟ್ಟು ಬರುತ್ತಿತ್ತು. ಅವನು ಅಂದರೆ ಬರುತ್ತಿರಲಿಲ್ಲ. ಅಣ್ಣ ಹೋದ ಮೇಲೆ ಬಾಗಿಲ ಸದ್ದಾದರೆ ನಾನು ತಲೆಯೆತ್ತಿ ನೋಡುತ್ತಿದ್ದುದು ಅವನಿಗಾಗಿಯೇ.

ಒಂದು ರಜೆಯ ದಿನ ಅವನು ಪತ್ರಿಕೆ ಹಿಡಿದುಕೊಂಡು ಬಂದ. ದೇಶದ ನಗರಗಳನ್ನೆಲ್ಲ ಹೋಲಿಸಿ, ಲಕ್ಷ ಜನಕ್ಕೆ ಎಷ್ಟು ಕೊಲೆ ಎಂದು ಲೆಕ್ಕ ಹಾಕಿದ್ದರಂತೆ. ನಮ್ಮ ನಗರ ಎಲ್ಲಕ್ಕಿಂತ ಮೇಲೆ. ಬೀಗ ರಿಪೇರಿ ಮಾಡುವ ಮುದುಕ ನಮ್ಮ ಮೆಟ್ಟಿಲ ಮೇಲೆ ಕೂತಿದ್ದವನು, ಅಂತೂ ಯಾವುದರಲ್ಲಾದರೂ ಮೊದಲು ಬಂದೆವಲ್ಲ ಎಂದ. ಭಾವ ನಕ್ಕು, ಅದು ಹಾಗಲ್ಲ ತಾತ ಎಂದು ವಿವರಿಸತೊಡಗಿದ.

‘ಒಂದು ಹಿಡಿ ಉಪ್ಪು ತಗೊಳ್ಳಿ. ಚೊಂಬಿನ ನೀರಿಗೆ ಹಾಕಿದ್ರೆ ಬಾಯಿಗಿಡೋಕಾಗಲ್ಲ. ಅದೇ ಉಪ್ಪನ್ನ ಹಂಡೆಗೆ ಹಾಕಿ, ಯಾರಿಗೂ ಗೊತ್ತೇ ಆಗಲ್ಲ. ಬೇರೆ ನಗರಗಳ ಗಡಿಗೆರೆ ಹಂಡೆ ಇದ್ದಂಗೆ. ಹೊಲ, ಗುಡ್ಡ, ಆಚೆಯ ಬಂಗಲೆಗಳು, ಎಲ್ಲಾ ಒಳಗೆ. ಅಲ್ಲಿಯ ಜನ ಸುಮ್ಮನೆ ಮಲಗಿದ್ದರೂ ಲೆಕ್ಕಕ್ಕೆ ಸಿಗ್ತಾರೆ. ನಮ್ಮದು ಚೊಂಬು. ಹಳೇ ಪೇಟೆ, ಮಾರ್ಕೆಟ್ಟು, ಈ ಕಾಲುವೆ. ಅಷ್ಟೇ.’

ಹಾಗಾದರೆ ನಮ್ಮ ಊರು ಕೆಟ್ಟದ್ದಲ್ಲವಾ ಎಂದು ನಾನು ಕೇಳಿದೆ. ಕೆಟ್ಟದ್ದೂ ಹೌದು, ಚಿಕ್ಕದೂ ಹೌದು ಎಂದ. ನಮ್ಮ ಊರಾಚೆಯ ಬಂಗಲೆಗಳವರನ್ನು ಗೆರೆಯ ಒಳಗೆ ಸೇರಿಸಿಕೊಳ್ಳಲು ಮೇಯರ್ ಬಹಳ ಪ್ರಯತ್ನಪಟ್ಟರೂ ಅವರು ಒಪ್ಪಲಿಲ್ಲವಂತೆ. ನಿಮ್ಮ ಉಪ್ಪು ನಿಮಗಿರಲಿ ಎಂದರಂತೆ.

ಇದಾದ ಸ್ವಲ್ಪ ದಿನಕ್ಕೆ ಭಾವ ಮತ್ತೆ ಬಂದ. ಈ ಸಲ ನಗಲಿಲ್ಲ. ಗಲ್ಲಿಯ ಬಾಯಲ್ಲಿ ಒಂದು ಪೊಲೀಸ್ ಹೊರಠಾಣೆ ಮಾಡಿಸಬಹುದು ಎಂದ. ಆದರೆ ಒಂದು ತೊಡಕಿದೆ. ಕಡತಗಳ ಪ್ರಕಾರ ಗಲ್ಲಿಯಲ್ಲಿ ಯಾರೂ ಸತ್ತೇ ಇಲ್ಲ, ಎಲ್ಲರೂ ಸತ್ತಿರುವುದು ಸೇತುವೆಯ ಆಚೆ, ದೀಪದ ಕಂಬದ ಕೆಳಗೆ. ಯಾರೂ ಸಾಯದ ಗಲ್ಲಿಗೆ ಠಾಣೆ ಯಾಕೆ ಎಂದು ಮೇಲಿನವರು ಕೇಳುತ್ತಾರೆ. ಮನೆಯವರು ಬಂದು, ಏಟು ಬಿದ್ದದ್ದು ಎಲ್ಲಿ ಎಂದು ಒಂದು ಮಾತು ಹೇಳಿದರೆ ಜಾಗ ತಿದ್ದುತ್ತಾರೆ. ಹೇಳುವುದು ಸುಳ್ಳೇನಲ್ಲವಲ್ಲ.

ಅಮ್ಮ ಕೂಡಲೇ ಒಪ್ಪಿದಳು. ಬೇರೆ ಮನೆಗಳವರು ಒಪ್ಪಬೇಕಲ್ಲ ಎಂದಾಗ ಭಾವ ನನ್ನ ಕಡೆ ನೋಡಿದ.

‘ಬೆಕ್ಕು ಬರಲಿ ನನ್ನ ಜೊತೆ. ನಾನು ಆಫೀಸಿನವನು, ನನ್ನ ಮುಂದೆ ಬಾಯಿ ಬಿಡಲ್ಲ. ಇವಳು ಎಲ್ಲರ ಮನೆ ಹೆಂಗಸರ ಅಳತೆ ತಗೊಂಡವಳು. ಇವಳು ಬಾಗಿಲಲ್ಲಿ ನಿಂತ್ರೆ ಸಾಕು.’

ಹೋದೆವು. ಅವನು ಮಾತಾಡುತ್ತಿದ್ದ, ನಾನು ನಿಂತಿರುತ್ತಿದ್ದೆ. ಅವನು ಹೇಳಿದ್ದು ನಿಜವಾಗಿತ್ತು. ಹೆಂಗಸರು ಅವನ ಮಾತು ಕೇಳುತ್ತಾ ನನ್ನ ಮುಖ ನೋಡುತ್ತಿದ್ದರು. ಹಾಲಿನವಳು ಮೊದಲ ದಿನ ಬಾಗಿಲನ್ನೇ ತೆಗೆಯಲಿಲ್ಲ. ಅವಳ ಗಂಡನನ್ನು ಹಿತ್ತಿಲ ಬಚ್ಚಲಿನ ಹತ್ತಿರ ಕೊಚ್ಚಿದ್ದರು, ಅಣ್ಣನಿಗೂ ಮೊದಲು. ಎರಡನೇ ದಿನ ನಾನೊಬ್ಬಳೇ ಹೋದೆ. ಅವಳ ರವಿಕೆಯ ತೋಳು ಬಿಗಿಯಾಗಿದೆ ಎಂದಿದ್ದಳು, ಅದನ್ನು ಬಿಚ್ಚಿ ಸಡಿಲ ಮಾಡಿ ತಂದಿದ್ದೆ, ಕೊಟ್ಟೆ. ಅವಳು ತೋಳು ಎಳೆದು ನೋಡಿ, ನಿನ್ನ ಅಮ್ಮ ಹೇಳ್ತಾಳಾ ಎಂದು ಕೇಳಿದಳು. ನಾನೂ ಹೇಳ್ತೀನಿ ಎಂದೆ. ಸರಿ, ಹಾಗಾದರೆ ನಾನೂ ಬರ್ತೀನಿ ಎಂದಳು.

ನಾನು ಹೇಳುವುದೆಂದರೆ ಸಣ್ಣ ವಿಷಯವಲ್ಲ. ಕಣ್ಣಾರೆ ನೋಡಿದವಳು ನಾನು, ಆದ್ದರಿಂದ ನನ್ನ ಮಾತೇ ಬೇಕು ಎಂದು ಭಾವ ಹಟ ಹಿಡಿದಿದ್ದ. ಒಂದೇ ವಾಕ್ಯ ಹೇಳಿಕೊಟ್ಟ. ‘ನನ್ನ ಅಣ್ಣನನ್ನು ನಮ್ಮ ಮನೆಯ ಬಾಗಿಲಲ್ಲೇ ಇರಿದರು, ಆಮೇಲೆ ಸೇತುವೆ ದಾಟಿಸಿದರು.’ ಯಂತ್ರ ತುಳಿಯುತ್ತಾ ನಾನು ಅದನ್ನೇ ಹೇಳಿಕೊಳ್ಳುತ್ತಿದ್ದೆ. ಯಂತ್ರದ ಸದ್ದಿನಲ್ಲಿ ನನ್ನ ದನಿ ನನಗೇ ಕೇಳದಿದ್ದಾಗ ಸುಲಭವಾಗಿತ್ತು. ಆಫೀಸಿನಲ್ಲಿ ಫ್ಯಾನು ನಿಂತಿತ್ತು. ಮೇಜಿನ ಹಿಂದಿದ್ದವರು ಕನ್ನಡಕ ಮೇಲೆ ಮಾಡಿ, ಸ್ವಲ್ಪ ಜೋರಾಗಿ ಹೇಳಮ್ಮ ಎಂದರು. ಭಾವ ಗೋಡೆಗೆ ಒರಗಿ ನಿಂತು ಕಣ್ಣಿನಲ್ಲೇ, ಹೇಳು, ಎಂದ. ಹೇಳಿದೆ. ಹೊರಗೆ ಬಂದ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, ಇಷ್ಟು ದಿನ ಈ ದನಿ ಎಲ್ಲಿತ್ತು ಎಂದ. ಅವತ್ತು ಮನೆಗೆ ಬರುವಾಗ ನಾನು ಕಾಲುವೆಯ ನೀರಿನಲ್ಲಿ ನನ್ನ ಮುಖ ನೋಡಿಕೊಂಡೆ. ಅಷ್ಟು ಸಂತೋಷವಾಗಿತ್ತು.

ಗಲ್ಲಿಯ ಮನೆಗಳೆಲ್ಲ ಒಂದೊಂದಾಗಿ ಹೋಗಿ ಹೇಳಿ ಬಂದವು. ಬೀಗದ ತಾತ ಹಿಂದೆ ಇರಿತಕ್ಕೆ ಸತ್ತ ತನ್ನ ತಮ್ಮನ ವಿಷಯ ಹೇಳಿ ಬಂದ.

ಆಮೇಲೆ ಅಕ್ಕ ಕರೆಸಿದಳು. ಭಾವನಿಗೆ ಬಡ್ತಿ ಸಿಕ್ಕಿದೆ, ಪಾಲಿಕೆಯ ಕ್ವಾರ್ಟರ್ಸ್ ಕೊಟ್ಟಿದ್ದಾರೆ, ಕಿಟಕಿಗಳಿಗೆ ಪರದೆ ಹೊಲಿದುಕೊಡು ಎಂದು. ಕ್ವಾರ್ಟರ್ಸ್ ಕಾಲುವೆಯ ಆಚೆ, ಮೂರನೇ ಮಹಡಿ. ಅಕ್ಕ ಬಸುರಿ, ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದಳು. ಹೊಸ ಬಣ್ಣದ ವಾಸನೆ. ನಲ್ಲಿ ತಿರುಗಿಸಿದರೆ ನೀರು. ಅದನ್ನು ಎರಡು ಸಲ ತಿರುಗಿಸಿ ತೋರಿಸಿದಳು. ನಾನು ಸ್ಟೂಲಿನ ಮೇಲೆ ನಿಂತು ಟೇಪು ಹಿಡಿದೆ, ಅವಳು ಕೆಳಗಿನ ತುದಿ ಹಿಡಿದಳು.

ಆ ಕಿಟಕಿಯಿಂದ ನಮ್ಮ ಗಲ್ಲಿಯ ಛಾವಣಿಯ ಶೀಟುಗಳೆಲ್ಲ ಕಾಣುತ್ತಿದ್ದವು. ಕಾಲುವೆಯ ಈಚೆ ದಡದಲ್ಲಿ ಕೆಲವರು ಗುಂಡಿ ತೋಡಿ ಹಳದಿ ಬಣ್ಣದ ಕಲ್ಲು ನಿಲ್ಲಿಸುತ್ತಿದ್ದರು. ದೀಪದ ಕಂಬದ ಪಕ್ಕದಲ್ಲೂ ಒಂದು.

‘ಈ ಕಿಟಕಿಗೆ ದಪ್ಪ ಬಟ್ಟೆ ಹಾಕು’ ಎಂದಳು ಅಕ್ಕ. ‘ಇನ್ನು ಆ ಕಡೆ ನೋಡೋದೇನಿದೆ.’

ಆ ಕಲ್ಲುಗಳು ಯಾತಕ್ಕೆ ಎಂದು ಕೇಳಿದೆ. ಅವಳು ಟೇಪಿನ ತುದಿ ಬಿಟ್ಟಳು. ಅದು ಸುರುಳಿ ಸುತ್ತಿಕೊಂಡು ನನ್ನ ಕೈಗೆ ಬಂತು. ನಿನಗೆ ಅವರು ಹೇಳಿಲ್ಲವಾ ಎಂದಳು. ಏನನ್ನು ಎಂದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲದ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದಳು. ನಗರದ ಗೆರೆ ಇನ್ನು ಕಾಲುವೆಯವರೆಗೆ ಮಾತ್ರವಂತೆ. ಕಾಲುವೆಯಾಚೆಯದು ಬೇರೆ ಪುರಸಭೆ. ಹೊರಠಾಣೆಯ ಮಾತು ಯಾವ ಆಫೀಸಿನಲ್ಲೂ ಇರಲೇ ಇಲ್ಲವಂತೆ. ನಿನಗೆ ಯಾವಾಗ ಗೊತ್ತಾಯ್ತು ಎಂದು ಕೇಳಿದೆ.

‘ಮೊದಲಿಂದ್ಲೂ’ ಎಂದಳು. ‘ಈ ಮಗು ಆ ಗಲ್ಲಿಯ ನಲ್ಲಿ ಹತ್ತಿರ ಆಡೋದು ನನಗೆ ಬೇಡ. ಅಣ್ಣನ ರಕ್ತ ತೊಳೆದವಳು ನಾನೂ ಅಲ್ವಾ?’

ಅಷ್ಟರಲ್ಲಿ ಭಾವ ಬಂದ. ನಾನು ಸ್ಟೂಲಿನಿಂದ ಇಳಿದಿರಲಿಲ್ಲ. ಅವನು ಅಕ್ಕನನ್ನು ನೋಡಿದ, ನನ್ನನ್ನು ನೋಡಿದ, ಶೂ ಬಿಚ್ಚಿ ಮೂಲೆಗಿಟ್ಟ. ಅವನು ನಾಚಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ಪರೀಕ್ಷೆಯಲ್ಲಿ ಕಷ್ಟದ ಲೆಕ್ಕ ಬಿಡಿಸಿದವನ ಹಾಗೆ ಇದ್ದ.

‘ನೋಡು, ಗಲ್ಲಿನ ಹೊರಗೆ ಹಾಕೋದು ಮೇಯರ್ ಮೊದಲೇ ತೀರ್ಮಾನ ಮಾಡಿದ್ರು. ಆದ್ರೆ ಲೆಕ್ಕ ಹಾಕಿ ನೋಡಿದ್ರೆ ಏನೂ ಕಮ್ಮಿ ಆಗಲ್ಲ. ಸತ್ತೋರೆಲ್ಲ ಕಂಬದ ಕೆಳಗೆ, ಗೆರೆಯ ಒಳಗೇ ಉಳ್ಕೋತಾರೆ. ಆಫೀಸಲ್ಲಿ ಎಲ್ಲಾ ತಲೆ ಕೆರ್ಕೊಂಡು ಕೂತಿದ್ರು. ಇಷ್ಟು ಕೊಲೆ ಒಂದು ಕಂಬದ ಕೆಳಗೆ ಹೇಗೆ ಆಗುತ್ತೆ ಅಂತ. ನಾವು ಹೊತ್ಕೊಂಡು ಬರ್ತೀವಿ ಅನ್ನೋದು ನನ್ನೊಬ್ಬನಿಗೇ ಗೊತ್ತಿದ್ದಿದ್ದು.’

ಚೊಂಬನ್ನು ಹಂಡೆ ಮಾಡಲಾಗದೆ ಉಪ್ಪನ್ನೇ ಎತ್ತಿ ಹೊರಗೆ ಹಾಕಿದ್ದರು. ಎತ್ತಿಕೊಟ್ಟದ್ದು ನಾವೇ, ಸಾಲಾಗಿ ನಿಂತು, ನಿಜವನ್ನೇ ಹೇಳಿ.

ಕಬ್ಬಿಣದ ಕೇಸು ಏನಾಗುತ್ತೆ ಎಂದು ಕೇಳಿದೆ.

‘ಅದು ಹೊಸ ಠಾಣೆಗೆ ಹೋಗುತ್ತೆ.’

‘ಎಲ್ಲಿದೆ ಹೊಸ ಠಾಣೆ?’

‘ಇನ್ನೂ ಆಗ್ಬೇಕು.’ ಅವನು ಕಾಲುಚೀಲ ಬಿಚ್ಚುತ್ತಿದ್ದ. ‘ಅದೆಲ್ಲ ಪೊಲೀಸ್ನೋರು, ಕೋರ್ಟಿನೋರು ನೋಡ್ಕೋತಾರೆ. ನಾನು ಗೆರೆ ಎಳೆಯೋನು, ಬೆಕ್ಕೇ. ನಾನಲ್ಲದಿದ್ರೆ ಇನ್ನೊಬ್ಬ ಎಳೀತಿದ್ದ.’

ಇನ್ನೊಬ್ಬ ಎಳೆದಿದ್ದರೆ ಅಣ್ಣ ಕಡತದಲ್ಲಿ ಕಂಬದ ಕೆಳಗೇ ಇರುತ್ತಿದ್ದ. ಅವನ ಕೇಸು ಆ ಒರಟ ಇನ್ಸ್‌ಪೆಕ್ಟರ್ ಕೈಯಲ್ಲೇ ಉಳಿಯುತ್ತಿತ್ತು. ಇದನ್ನು ನಾನು ಹೇಳಬೇಕಿತ್ತು. ಸ್ಟೂಲಿನಿಂದ ಇಳಿದು ಬಾಗಿಲ ಕಡೆ ನಡೆದೆ. ಅಕ್ಕ ಮಾತ್ರ ನನ್ನ ಹಿಂದೆ ಮೆಟ್ಟಿಲವರೆಗೆ ಬಂದು, ನನಗೆ ಗೊತ್ತಿತ್ತು ಅಂತ ಅಮ್ಮನಿಗೆ ಹೇಳಬೇಡ, ಅವಳು ತಡ್ಕೊಳ್ಳಲ್ಲ ಎಂದು ಕೈ ಹಿಡಿದುಕೊಂಡಳು. ಕಿಟಕಿಗಳ ಅಳತೆ ನನ್ನ ತಲೆಯಲ್ಲೇ ಉಳಿದು ಮನೆಯವರೆಗೂ ಬಂತು.

ಹೇಳುವ ಅಗತ್ಯವೇ ಬೀಳಲಿಲ್ಲ. ಸಂಜೆಯ ಹೊತ್ತಿಗೆ ಪಾಲಿಕೆಯ ಗಾಡಿ ಗಲ್ಲಿಯ ಬಾಯಲ್ಲಿ ನಿಂತು, ಗಲ್ಲಿ ಇನ್ನು ನಗರದ ಹೊರಗೆ ಎಂದು ಮೈಕಿನಲ್ಲಿ ಸಾರಿತು. ಬೀಗದ ತಾತ ಎರಡು ಸಲ ಕೇಳಿಸಿಕೊಂಡು, ‘ಬೇಲಿ ಎದ್ದು ಹೊಲ ಮೇಯ್ದದ್ದು ಕೇಳಿದ್ವಿ. ಈ ಬೇಲಿ ಎದ್ದು ಊರು ಬಿಟ್ಟು ಹೋಯ್ತಲ್ಲ’ ಎಂದ. ಯಾರೂ ನಗಲಿಲ್ಲ. ಎಲ್ಲರೂ ನಮ್ಮ ಮನೆಯ ಕಡೆ ನೋಡಿದರು.

ಹಾಲಿನವಳು ಮರುದಿನವೇ ಬಂದಳು. ಅವಳ ಬಟ್ಟೆ ನನ್ನ ಹತ್ತಿರ ಹೊಲಿಗೆಗೆ ಇತ್ತು. ಅರ್ಧ ಹೊಲಿದದ್ದನ್ನೇ ಕೊಡು ಎಂದಳು. ಮುಗಿಸಿ ಕೊಡ್ತೀನಿ ಎಂದೆ.

‘ಬೇಡ. ನೀನು ಬಾಯಿ ಬಿಡೋದು ಅಪರೂಪ, ಬಿಟ್ಟರೆ ಸುಳ್ಳಿರಲ್ಲ ಅಂತ ನಂಬಿ ಬಂದೆ. ಬಿಟ್ಟಿದ್ದು ನಮ್ಮನ್ನ ಮಾರೋಕೆ.’

ನನಗೂ ಗೊತ್ತಿರಲಿಲ್ಲ ಎಂದೆ. ಆ ಮನೇಲೇ ಬೆಳೆದ ಬೆಕ್ಕಿಗೆ ಗೊತ್ತಿರಲಿಲ್ಲವಂತೆ ಎಂದು ಅವಳು ಬಾಗಿಲ ಹೊರಗಿದ್ದವರಿಗೆ ಹೇಳಿ ಹೋದಳು. ಅದಾದ ಮೇಲೆ ಒಬ್ಬೊಬ್ಬರಾಗಿ ಬಟ್ಟೆ ವಾಪಸ್ಸು ತೆಗೆದುಕೊಂಡು ಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನನ್ನನ್ನು ನಂಬುತ್ತಿರಲಿಲ್ಲ. ಪತ್ರಿಕೆಯಲ್ಲಿ ನಗರದ ಕೊಲೆಗಳು ಅರ್ಧಕ್ಕಿಂತ ಕಡಿಮೆಯಾಗಿವೆ ಎಂದು ಬಂತು. ಮೇಯರ್ ಪಕ್ಕದಲ್ಲಿ ನಿಂತವರ ಫೋಟೋದಲ್ಲಿ ಭಾವನ ಅರ್ಧ ಮುಖ ಇತ್ತು.

ಕಬ್ಬಿಣದ ವಕೀಲ ಕೋರ್ಟಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆಯಂತೆ. ಕೊಲೆಯಾದದ್ದು ನಗರದ ಹೊರಗೆ ಎಂದು ನಗರವೇ ಹೇಳುತ್ತಿರುವಾಗ ನಗರದ ಪೊಲೀಸರಿಗೆ ಇಲ್ಲಿ ಏನು ಕೆಲಸ? ಇನ್ಸ್‌ಪೆಕ್ಟರ್ ಅಮ್ಮನನ್ನು ಕರೆದು, ನನ್ನ ಕೈ ಕಟ್ಟಿದಿರಿ ತಾಯಿ ಎಂದನಂತೆ. ಕಡತಗಳು ಹೊಸ ಕೋರ್ಟಿಗೆ ಹೋದವು. ಅಲ್ಲಿ ಕೇಸು ಶುರುವಾಗುವವರೆಗೆ ಕಬ್ಬಿಣಕ್ಕೆ ಜಾಮೀನು ಸಿಕ್ಕಿತು.

ಅವನು ಬಂದ ದಿನ ಗಲ್ಲಿ ಬೇಗ ಬಾಗಿಲು ಹಾಕಿಕೊಂಡಿತು. ನಾವು ಹಾಕಿಕೊಳ್ಳಲಿಲ್ಲ, ಹಾಕುವಷ್ಟರಲ್ಲಿ ಅವನು ಬಂದಾಗಿತ್ತು. ಬೈಕನ್ನು ನಮ್ಮ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿ ಸೀಟಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ. ಜೈಲಿನಲ್ಲಿ ದಪ್ಪಗಾಗಿದ್ದ. ಅಮ್ಮ ಅವನನ್ನು ದಿಟ್ಟಿಸಿ ನೋಡುತ್ತಾ ನಿಂತಳು. ಬೈಯುತ್ತಾಳೆ, ಕೂಗುತ್ತಾಳೆ ಎಂದು ನಾನು ಕಾದೆ. ಅವಳು ಒಳಗೆ ಬಂದು ಅಣ್ಣನ ತಟ್ಟೆಯನ್ನು ಶೆಲ್ಫಿನಿಂದ ತೆಗೆದು, ತೊಳೆದು, ಮತ್ತೆ ಅಲ್ಲೇ ಇಟ್ಟಳು. ಚಳಿಗಾಲದ ಮಾತನ್ನು ಅವಳು ಆಮೇಲೆ ಎತ್ತಲಿಲ್ಲ.

ಅಕ್ಕನ ದಿನ ತುಂಬುತ್ತಾ ಬಂದಾಗ ಅವಳೇ ಅಮ್ಮನನ್ನು ಕರೆದೊಯ್ಯಲು ಬಂದಳು. ಭಾವ ಬರಲಿಲ್ಲ, ಸೇತುವೆಯ ಆಚೆ ರಿಕ್ಷಾ ನಿಲ್ಲಿಸಿಕೊಂಡಿದ್ದನಂತೆ. ಅಕ್ಕ ನಮ್ಮ ಹೊಸ್ತಿಲಲ್ಲಿ ಗೋಡೆ ಹಿಡಿದುಕೊಂಡು ನಿಂತಳು. ಅಮ್ಮ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಹಳೆಯ ಸೀರೆಗಳನ್ನು ಹರಿದು ಮಗುವಿಗೆಂದು ಮಡಿಸಿಟ್ಟ ಮೆತ್ತನೆಯ ತುಂಡುಗಳು. ಅಂಚು ಹೊಲಿದುಕೊಟ್ಟವಳು ನಾನೇ.

‘ಅಮ್ಮ, ಅಕ್ಕನಿಗೆ ಮೊದಲಿಂದಲೂ ಗೊತ್ತಿತ್ತು’ ಎಂದೆ.

ಅಮ್ಮ ಮಡಿಸುವುದನ್ನು ನಿಲ್ಲಿಸಲಿಲ್ಲ.

‘ನನಗೂ ಗೊತ್ತು’ ಎಂದಳು. ‘ಮೈಕಿನವರು ಬಂದ ದಿನ ಇವಳು ಬರಲಿಲ್ಲವಲ್ಲ, ಆವತ್ತೇ ತಿಳೀತು. ಹೆತ್ತವಳಿಗೆ ಇಷ್ಟೂ ತಿಳಿಯಲ್ವಾ?’

‘ಆದರೂ ಹೋಗ್ತೀಯಾ?’

‘ಸತ್ತವನನ್ನ ಇನ್ನೊಂದು ಸಲ ಸಾಯಿಸಿದರು. ನಿಜ. ಹುಟ್ಟೋದು ಏನು ಮಾಡಿದೆ?’ ಅವಳು ಚೀಲದ ಬಾಯಿ ಕಟ್ಟಿದಳು. ಗಂಟು ಬೀಳಲಿಲ್ಲ, ಮತ್ತೆ ಕಟ್ಟಿದಳು. ‘ನೀನೂ ಬಾ. ಇಲ್ಲಿ ಒಬ್ಬಳೇ ಹೇಗೆ ಇರ್ತೀಯಾ?’

ನಾನು ಚೀಲವನ್ನು ಎತ್ತಿಕೊಂಡು ಅವರ ಜೊತೆ ಹೊರಟೆ. ಗಲ್ಲಿಯ ಉದ್ದಕ್ಕೂ ಬಾಗಿಲುಗಳು ತೆರೆದಿದ್ದವು. ನಾವು ಚೀಲದೊಂದಿಗೆ ಕಾಲುವೆಯ ಕಡೆ ಹೋಗುವುದನ್ನು ಎಲ್ಲರೂ ನೋಡುತ್ತಿದ್ದರು. ಅವರಿಗೆ ಇನ್ನು ಯಾವ ಅನುಮಾನವೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಹಾಲಿನವಳು ಮೆಟ್ಟಿಲ ಮೇಲೆ ಕೂತಿದ್ದಳು. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಕಾಲು ಹಿಂದಕ್ಕೆ ಎಳೆದುಕೊಂಡು ನಮಗೆ ದಾರಿ ಬಿಟ್ಟಳು.

ಸೇತುವೆಯ ನಡುವೆ ನಾನು ನಿಂತೆ. ಚೀಲವನ್ನು ಅಕ್ಕನಿಗೆ ಕೊಡುವಂತಿರಲಿಲ್ಲ, ಅಮ್ಮನ ಕೈಗೆ ಕೊಟ್ಟೆ. ಅಮ್ಮ ನನ್ನ ಗಲ್ಲ ಮುಟ್ಟಿ, ತಿರುಗಿ ನೋಡದೆ ನಡೆದಳು. ಅಕ್ಕ ನಿಂತಳು.

‘ಬಾರೇ. ಜಾಗ ಇದೆ. ಅವರೂ ಬಾ ಅಂದಿದ್ದಾರೆ.’

ಹೊಸ ಕೋರ್ಟಿನಲ್ಲಿ ಕೇಸು ಬರುತ್ತದೆ, ನಾನೂ ಆಚೆ ಬಂದು ಭಾವನ ಅನ್ನ ತಿಂದರೆ ಅಲ್ಲಿ ಹೋಗಿ ಹೇಳುವವರು ಯಾರೂ ಇರುವುದಿಲ್ಲ ಎಂದೆ. ಅಕ್ಕ ನನ್ನನ್ನು ಅಪರಿಚಿತಳನ್ನು ನೋಡುವ ಹಾಗೆ ನೋಡಿದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೇ ಕೇಳಿದಳು.

‘ನೀನಾ? ಕೋರ್ಟಲ್ಲಿ ನಿಂತು ಮಾತಾಡ್ತೀಯಾ?’

‘ಒಂದು ಸಲ ಮಾತಾಡಿದ್ದೀನಲ್ಲ’ ಎಂದೆ. ‘ನಿನ್ನ ಗಂಡ ಹೇಳಿಕೊಟ್ಟಿದ್ದನ್ನ.’

ಆಚೆಯಿಂದ ರಿಕ್ಷಾದ ಹಾರ್ನ್ ಕೇಳಿಸಿತು, ಒಮ್ಮೆ, ಮತ್ತೊಮ್ಮೆ. ಅವಳು ಸೊಂಟಕ್ಕೆ ಕೈಯಿಟ್ಟುಕೊಂಡು ನಿಧಾನವಾಗಿ ಆ ಕಡೆ ಹೊರಟಳು. ನಾನು ಈ ಕಡೆ ತಿರುಗಿದೆ. ಗಲ್ಲಿಯ ಬಾಯಲ್ಲಿ ನಿಂತಿದ್ದವರು, ನಾನೊಬ್ಬಳೇ ವಾಪಸ್ಸು ಬರುತ್ತಿರುವುದನ್ನು ಕಂಡು, ಏನು ಅಂದುಕೊಳ್ಳಬೇಕೆಂದು ತಿಳಿಯದವರ ಹಾಗೆ ನೋಡುತ್ತಿದ್ದರು.